ಟ್ಯಾಲಿ ಬರುತ್ತದೆ ಅಂದವರಿಗೆ ನಾನು ಕೇಳುವ ಪ್ರಶ್ನೆ

ಮಂಗಳೂರು ಹಂಪನಕಟ್ಟೆಯ ನಮ್ಮ ಆಫೀಸಿಗೆ ಅಕೌಂಟ್ಸ್ ಅಸಿಸ್ಟೆಂಟ್ ಬೇಕಾದಾಗಲೆಲ್ಲ ಇಂಟರ್‌ವ್ಯೂಗೆ ಕೂರುವವರಲ್ಲಿ ನಾನೂ ಒಬ್ಬಳು. ಬಿಕಾಂ ಮುಗಿಸಿ ಬರುವವರ ಬಯೋಡೇಟಾದಲ್ಲಿ ಎರಡು ಮಾತು ಖಾಯಂ: ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಬರುತ್ತದೆ, ಜಿಎಸ್‌ಟಿ ಗೊತ್ತಿದೆ. ನಾನು ಶುರು ಮಾಡುವುದೇ ಅಲ್ಲಿಂದ. ಜಿಎಸ್‌ಟಿಯಲ್ಲಿ ಎಂತ ಮಾಡಿದ್ದೀರಿ?

"ರಿಟರ್ನ್ ಫೈಲ್ ಮಾಡಿದ್ದೇನೆ ಮೇಡಂ." ಯಾವ ರಿಟರ್ನ್, ಯಾವ ತಾರೀಕಿಗೆ ಅಂದರೆ ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ತಿಂಗಳು ತಿಂಗಳು ಫೈಲ್ ಮಾಡುವವರಿಗೆ ಮಾರಾಟದ ಬಿಲ್ಲು ತೋರಿಸುವ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, ಒಟ್ಟು ಲೆಕ್ಕ ಕೊಟ್ಟು ತೆರಿಗೆ ಕಟ್ಟುವ 3ಬಿ 20ಕ್ಕೆ. ಒಮ್ಮೆ ಕೂತು ಮಾಡಿದವರಿಗೆ ಇದು ಮರೆಯುವುದಿಲ್ಲ, ಕೋರ್ಸಿನ ನೋಟ್ಸ್ ಓದಿ ಬಂದವರಿಗೆ ಮಾತ್ರ ನೆನಪಾಗುವುದಿಲ್ಲ.

ಕಾರ್ಕಳ ಕಡೆಯ ಒಬ್ಬ ಹುಡುಗ ಬಂದಿದ್ದ. ಮಾವನ ಹಾರ್ಡ್‌ವೇರ್ ಅಂಗಡಿಯ ಲೆಕ್ಕ ನೋಡಿದ್ದು ಬಿಟ್ಟರೆ ಬೇರೆ ಅನುಭವ ಇಲ್ಲ. ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದ, ಕನ್ನಡದಲ್ಲೇ ಹೇಳಿ ಅಂದೆ. ಶುರು ಮಾಡಿದ ನೋಡಿ. "14ಕ್ಕೆ 2ಬಿ ಬರ್ತದೆ ಮೇಡಂ, ನಮಗೆ ಮಾರಿದವರು ತೋರಿಸಿದ ಬಿಲ್ಲಿನ ಪಟ್ಟಿ, ಅದನ್ನಿಟ್ಟುಕೊಂಡು ನಮ್ಮ ಖರೀದಿ ಬಿಲ್ಲು ಒಂದೊಂದೇ ಟಿಕ್ ಮಾಡ್ತೇನೆ, ಪೈಪ್ ಕೊಡುವವರು ಅವರ ರಿಟರ್ನ್ ಹಾಕದಿದ್ರೆ ನಮ್ಮ ಬಿಲ್ಲು ಅದರಲ್ಲಿ ಕಾಣುವುದಿಲ್ಲ, ಖರೀದಿಗೆ ಕೊಟ್ಟ ತೆರಿಗೆಯ ಕ್ರೆಡಿಟ್ ತೆಗೆಯಲಿಕ್ಕೆ ಆಗುವುದಿಲ್ಲ. ಮತ್ತೆ 20ರವರೆಗೆ ಅವರಿಗೆ ಫೋನ್ ಮಾಡುವುದೇ ಕೆಲಸ." ನಮ್ಮ ಆಫೀಸಿನ ಪಾಡೂ ಅದೇ! ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದು ಕಟ್ಟುವ ತೆರಿಗೆಯ ಬಗ್ಗೆ ಕೇಳಿದಾಗ "ಅದು ನಾನು ಮಾಡಿಲ್ಲ, ಆಡಿಟರ್ ನೋಡ್ತಿದ್ರು" ಅಂದ. ಆ ಉತ್ತರ ನನಗೆ ಇನ್ನೂ ಇಷ್ಟವಾಯ್ತು. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಮಾಡಿ ತೆರಿಗೆ ಕಟ್ಟುವುದು ತಪ್ಪಿಹೋದರೆ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೀಳುವುದು ಕಂಪನಿಗೆ ಅಲ್ವಾ? ಅವನನ್ನೇ ತೆಗೆದುಕೊಂಡೆವು.

ಡ್ರೆಸ್ ಬಗ್ಗೆ ಕೇಳುವವರು ಜಾಸ್ತಿ. ಇಸ್ತ್ರಿ ಹಾಕಿದ ಶರ್ಟ್ ಅಥವಾ ಚೂಡಿದಾರ್ ಸಾಕು ಮಾರಾಯ್ರೆ, ಮಂಗಳೂರಿನ ಸೆಕೆಗೆ ಕೋಟು, ಟೈ ಯಾಕೆ? ಜುಲೈಯಲ್ಲಿ ಪ್ಯಾಂಟಿನ ಕಾಲು ಒದ್ದೆಯಾಗಿ ಬಂದರೂ ಏನೂ ಅನ್ನುವುದಿಲ್ಲ, ಕೊಡೆ ಹಿಡಿದು ಬಂದ ನಮ್ಮ ಕಾಲೂ ಒದ್ದೆಯೇ. ಸರ್ಟಿಫಿಕೇಟ್ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಇರಲಿ. ನಂತೂರು ಸರ್ಕಲಿನಲ್ಲಿ ಟ್ರಾಫಿಕ್ ಬ್ಲಾಕ್ ಆದರೆ ಬಸ್ಸಿನಿಂದಲೇ ಒಂದು ಫೋನ್ ಮಾಡಿ. ಹೇಳಿ ತಡವಾದವರನ್ನು ನಾವು ಕಾಯುತ್ತೇವೆ, ಬಂದ ಮೇಲೆ ಕಾರಣ ಹೇಳಿದರೆ ಸ್ವಲ್ಪ ಕಿರಿಕಿರಿಯಾಗುತ್ತದೆ.

ಇನ್ನು "ನಿಮಗೇನಾದ್ರೂ ಕೇಳಲಿಕ್ಕಿದೆಯಾ" ಅಂದಾಗ ಸುಮ್ನೆ ತಲೆ ಅಲ್ಲಾಡಿಸಬೇಡಿ. ಎಷ್ಟು ಜಿಎಸ್‌ಟಿ ನಂಬರಿನ ಲೆಕ್ಕ ನೋಡಬೇಕು, ನನ್ನ ಎಂಟ್ರಿ ಯಾರು ಚೆಕ್ ಮಾಡ್ತಾರೆ ಅಂತ ಕೇಳಿ. ಸಂಬಳದ ಬಗ್ಗೆಯೂ ಸಂಕೋಚ ಬೇಡ. ಕೈಗೆ ಎಷ್ಟು ಬರುತ್ತದೆ, ಪಿಎಫ್ ಉಂಟಾ ಅಂತ ಅಲ್ಲೇ ಕೇಳಿಕೊಳ್ಳಿ, ಸೇರಿ ಒಂದು ತಿಂಗಳಾದ ಮೇಲೆ ಕೇಳಿದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.