ಸೆಲ್ಫ್ ಹೊಡೆದರೆ ಬರೀ ಟಕಟಕ: ಜಂಪರ್ ಕೇಬಲ್ ಹಿಡಿಯುವ ಮುಂಚೆ

ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು ಕಿವಿಗೊಟ್ಟು ಕೇಳಿ. ಸೆಲ್ಫ್ ಹೊಡೆದಾಗ ಟಕಟಕ ಅಂತ ಬಡಿದುಕೊಂಡು ಡ್ಯಾಶ್‌ಬೋರ್ಡ್ ದೀಪ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ (ಬ್ಯಾಟರಿಗೆ ವೈರ್ ಕೂರುವ ಜಾಗ) ಸಡಿಲವಾಗಿದೆ. ಒಂದೇ ಒಂದು ‘ಟಕ್’ ಕೇಳಿಸಿ ಹೆಡ್‌ಲೈಟ್ ಮಂಕಾಗದೆ ಉರಿಯುತ್ತಿದ್ದರೆ ಅನುಮಾನ ಸೆಲ್ಫ್ ಮೋಟಾರಿನ ಮೇಲೆ. ಇಂಜಿನ್ ಜೋರಾಗಿಯೇ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಜಂಪ್ (ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕೇಬಲ್ ಮೂಲಕ ಕರೆಂಟ್) ಕೊಟ್ಟು ಪ್ರಯೋಜನವಿಲ್ಲ, ಪೆಟ್ರೋಲ್ ಅಥವಾ ಸ್ಪಾರ್ಕ್ ಕಡೆ ನೋಡಿ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ಫುಲ್, 12.2 ಅಂದರೆ ಸುಮಾರು ಅರ್ಧ. ಫುಲ್ ಇದ್ದದ್ದು ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಆಯುಸ್ಸು ಮುಗಿಯುತ್ತಾ ಬಂದಿದೆ.

ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಟರ್ಮಿನಲ್ ಪರೀಕ್ಷಿಸಲೇಬೇಕು. ಕ್ಲಾಂಪ್ ಹೊರಗೆ ಹೊಳೆಯುತ್ತಿದ್ದರೂ ಸೀಸದ ಕಂಬಕ್ಕೆ ಕೂರುವ ಒಳಮೈಯಲ್ಲಿ ಬೂದುಬಣ್ಣದ ತೆಳು ಪೊರೆ ಕಟ್ಟಿರಬಹುದು. ಮೀಟರಿನ ಒಂದು ವೈರಿನ ಮೊನೆಯನ್ನು ಕಂಬದ ನೆತ್ತಿಗೆ, ಇನ್ನೊಂದನ್ನು ಕ್ಲಾಂಪಿಗೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ತೋರಿಸಿತೋ, ತಪ್ಪು ಬ್ಯಾಟರಿಯದಲ್ಲ, ಆ ಪೊರೆಯದು. ಮೈನಸ್ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಬಿಸಿನೀರಿಗೆ ಅಡುಗೆ ಸೋಡಾ ಕದಡಿ ತೊಳೆದು, ಒಣಗಿಸಿ, ಎಮರಿ ಪೇಪರ್‌ನಲ್ಲಿ ಉಜ್ಜಿ. ಜೋಡಿಸುವಾಗ ಪ್ಲಸ್ ಮೊದಲು.

ಜಂಪ್ ಕೊಡಲೇಬೇಕಾದರೆ ಬ್ಯಾಟರಿ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ ನೋಡಿ. ಹಾಗಿದ್ದರೆ ಅಲ್ಲಿಗೇ ಬಿಡಿ. ಲಾರಿ ನಿಲ್ಲಿಸಿ ಸಹಾಯ ಕೇಳುವ ಅಭ್ಯಾಸ ಬೇಡವೇ ಬೇಡ: ದೊಡ್ಡ ಲಾರಿಗಳದ್ದು 24 ವೋಲ್ಟ್, ನಿಮ್ಮ ಕಾರಿನ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟುಹೋದೀತು. ಎರಡೂ ಗಾಡಿ ಆಫ್ ಮಾಡಿ. ಕೆಂಪು ಕೇಬಲ್ ಇಳಿದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯದರ ಮೈನಸ್‌ಗೆ. ಅದರ ಕೊನೆಯ ತುದಿ ಇಳಿದ ಬ್ಯಾಟರಿಯ ಮೈನಸ್‌ಗೆ ಅಲ್ಲ, ಅದರಿಂದ ದೂರದಲ್ಲಿ ಬಣ್ಣ ಬಳಿಯದ ಇಂಜಿನ್ ಲೋಹಕ್ಕೆ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ. ಬ್ಯಾಟರಿ ಬಾಯಲ್ಲಿ ಹೈಡ್ರೋಜನ್ ಇದ್ದರೆ ಅದು ಸಿಡಿದು ಆಸಿಡ್ ಮುಖಕ್ಕೆ ಎರಚುತ್ತದೆ. ಕನ್ನಡಕ ಹಾಕಿಕೊಳ್ಳಿ. ಪ್ಲಸ್ ಮೈನಸ್ ಅದಲು ಬದಲಾದರೆ ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋದ (ಆಲ್ಟರ್ನೇಟರ್) ಡಯೋಡ್‌ಗಳು ಕ್ಷಣದಲ್ಲಿ ಹೋಗುತ್ತವೆ.

ಒಳ್ಳೆಯ ಗಾಡಿಯ ಇಂಜಿನ್ ಐದು ನಿಮಿಷ ನಿಂತಲ್ಲೇ ಚಾಲೂ ಇಡಿ, ಆಮೇಲೆ ನಿಮ್ಮ ಗಾಡಿಯ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 5 ಸೆಕೆಂಡ್ ಸಾಕು, ನಡುವೆ ಒಂದು ನಿಮಿಷ ಬಿಡಿ. ಸ್ಟಾರ್ಟ್ ಆದ ಮೇಲೆ ಜೋಡಿಸಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಕೇಬಲ್ ಬಿಚ್ಚಿ. ಇಂಜಿನ್ ಓಡುವಾಗ ಟರ್ಮಿನಲ್‌ಗಳ ನಡುವೆ ಸುಮಾರು 13.8ರಿಂದ 14.4 ವೋಲ್ಟ್ ಇದ್ದರೆ ಡೈನಮೋ ಚಾರ್ಜ್ ಕೊಡುತ್ತಿದೆ. ಡೈನಮೋ ಪರೀಕ್ಷೆಗೆಂದು ಓಡುವ ಇಂಜಿನ್ನಿನ ಬ್ಯಾಟರಿ ವೈರ್ ಕಿತ್ತು ನೋಡಲು ಯಾರಿಗೂ ಬಿಡಬೇಡಿ: ಆ ಕ್ಷಣ ವೋಲ್ಟೇಜ್ ನೆಗೆದು ಇಸಿಯುಗೇ ಹೊಡೆಯುತ್ತದೆ.