ಅಂಗಳದ ಪಾಚಿ, ಬವೇರಿಯಾದ ಹಿಮ

ಜನವರಿ ಕೊನೆಯ ಶುಕ್ರವಾರ ಬೆಳಿಗ್ಗೆ ತೀರ್ಥಹಳ್ಳಿಗೆ ಫೋನ್ ಮಾಡಿ, ಹಿಮದಲ್ಲಿ ನಡೆಯುವ ಬೈಕ್ ಸವಾರರ ಕೂಟಕ್ಕೆ ಬೈಕಿನಲ್ಲೇ ಹೊರಟಿದ್ದೇನೆ ಅಂದೆ. ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಆ ಊರಲ್ಲಿ ರೈಲು, ಬಸ್ಸು ಯಾವ್ದೂ ಇಲ್ವೇನೋ?" ಅಂದರು. ಹಿಂದಿನಿಂದ ಅಪ್ಪನ ದನಿ ಕೇಳಿಸಿತು: "ಟೈರು ಹ್ಯಾಂಗಿದೆ ಅಂತ ಕೇಳು ಅವ್ನ ಹತ್ರ."

ನಾನಿರುವುದು ಜರ್ಮನಿಯ ರೇಗನ್ಸ್‌ಬುರ್ಗ್‌ನಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯಲ್ಲಿ. ಇಲ್ಲಿ ನವೆಂಬರ್ ಬಂತೆಂದರೆ ಬೈಕುಗಳು ಹೊದಿಕೆ ಹೊದ್ದು ಗ್ಯಾರೇಜು ಸೇರುತ್ತವೆ. ಎಷ್ಟೋ ಬೈಕುಗಳ ನಂಬರ್ ಪ್ಲೇಟಿನ ಬಲತುದಿಯಲ್ಲೇ ಎರಡು ತಿಂಗಳ ಅಂಕಿ ಅಚ್ಚಾಗಿರುತ್ತದೆ. 03 ಮತ್ತು 10 ಅಂತಿದ್ದರೆ ಮಾರ್ಚಿನಿಂದ ಅಕ್ಟೋಬರ್‌ವರೆಗೆ ಮಾತ್ರ ಓಡಿಸಬಹುದು, ತೆರಿಗೆ ಮತ್ತು ವಿಮೆಯೂ ಅಷ್ಟೇ ತಿಂಗಳಿಗೆ. ನನ್ನ ಪ್ಲೇಟಿನಲ್ಲಿ ಆ ಅಂಕಿಗಳಿಲ್ಲ. ವರ್ಷವಿಡೀ ಓಡಿಸುತ್ತೇನೆ. ಹಿಮ ಬಿದ್ದಾಗ ಕಾರುಗಳಿಗೆ ಚಳಿಗಾಲದ ಟೈರು ಕಡ್ಡಾಯ. 2017ರಿಂದ ದ್ವಿಚಕ್ರಗಳಿಗೆ ಆ ಕಡ್ಡಾಯವಿಲ್ಲ, ಆದರೆ ದಾರಿ ನೋಡಿ ಓಡಿಸುವ ಹೊಣೆ ಪೂರ್ತಿ ಸವಾರನದೇ. ಕಾನೂನು ಬಿಟ್ಟರೂ ನೆಲ ಬಿಡುವುದಿಲ್ಲ. ನನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿಗೆ ಸ್ಯಾಕ್ಸನಿಯ ಹೈಡೆನೌ ಊರಿನಲ್ಲಿ ತಯಾರಾಗುವ, ಕೆಸರು ಮತ್ತು ಹಿಮಕ್ಕೆಂದು ದಪ್ಪ ಗಟ್ಟೆಗಳಿರುವ ಟೈರು ಹಾಕಿಸಿದ್ದೇನೆ. ಅಪ್ಪನಿಗೆ ಅದನ್ನೇ ಹೇಳಿದೆ. "ಸರಿ, ನಿಧಾನ ಹೋಗು" ಅಂದರು.

ಊರಿನ ಗೆಳೆಯರು ಮೊದಲು ಕೇಳುವುದು ಚಳಿಯ ಬಗ್ಗೆ. ಥರ್ಮಾಮೀಟರಿನಲ್ಲಿ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ, ಗಾಳಿಗೆ ಒಡ್ಡಿದ ಚರ್ಮಕ್ಕೆ ಅದು ಸೊನ್ನೆಗಿಂತ 17 ಡಿಗ್ರಿ ಕೆಳಗಿನ ಚಳಿ. ಮೈಗೆ ನಾಲ್ಕು ಪದರ ಬಟ್ಟೆ ಹಾಕಬಹುದು. ಕಷ್ಟವಿರುವುದು ಬೆರಳಿನದು. ಬೆರಳು ಸೆಟೆದುಕೊಂಡರೆ ಕ್ಲಚ್ ಎಷ್ಟು ಬಿಟ್ಟೆ, ಬ್ರೇಕ್ ಎಷ್ಟು ಹಿಡಿದೆ ಎನ್ನುವುದೇ ತಿಳಿಯುವುದಿಲ್ಲ, ಜಾರುವ ದಾರಿಯಲ್ಲಿ ಅದಕ್ಕಿಂತ ಅಪಾಯ ಬೇರೆ ಇಲ್ಲ. ಹಾಗಾಗಿ ಬಿಸಿಯಾಗುವ ಗ್ರಿಪ್ಪು, ಅದರ ಮೇಲೆ ಇಡೀ ಹ್ಯಾಂಡಲ್ ತುದಿ ಮುಚ್ಚುವ ದಪ್ಪ ಚೀಲ. ನೋಡಲು ಚೆಂದವಿಲ್ಲ, ಆದರೆ ಅದಕ್ಕಿಂತ ಉಪಯೋಗದ ವಸ್ತು ನನ್ನ ಬೈಕಿನಲ್ಲಿಲ್ಲ. ಅರ್ಧ ಗಂಟೆಗೊಮ್ಮೆ ನಿಲ್ಲಿಸುತ್ತೇನೆ. ಹೆಲ್ಮೆಟ್ಟಿನ ಗಾಜಿಗೆ ಒಳಗಿನಿಂದ ಇನ್ನೊಂದು ಪದರ ಅಂಟಿಸದಿದ್ದರೆ ನಾಲ್ಕು ಉಸಿರಿಗೆ ಕುರುಡಾಗುತ್ತೇವೆ.

ಚಳಿಯನ್ನು ದುಡ್ಡು ಕೊಟ್ಟು ತಡೆಯಬಹುದು. ನೆಲವನ್ನು ಓದುವುದು ಮಾತ್ರ ಕಲಿತೇ ಬರಬೇಕು. ಹಿಮವೆಲ್ಲ ಒಂದೇ ಅಂತ ನಾನೂ ಮೊದಲು ತಿಳಿದಿದ್ದೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಗಟ್ಟಿಯಾಗಿ ಒತ್ತಿಕೊಂಡ ಹಿಮ ಚಕ್ರದಡಿ ಕರಕರ ಅನ್ನುತ್ತದೆ, ಟೈರಿಗೆ ಹಿಡಿತವನ್ನೂ ಕೊಡುತ್ತದೆ. ಹೆದರಬೇಕಾದ್ದು ಸೊನ್ನೆಯ ಆಸುಪಾಸಿನಲ್ಲಿ. ಆಗ ಮಂಜುಗಡ್ಡೆಯ ಮೇಲೆ ತೆಳುವಾದ ನೀರಿರುತ್ತದೆ. ಡಾಂಬರು ಒದ್ದೆಯಾಗಿದೆ ಅಂದುಕೊಂಡರೆ ಅದು ಒದ್ದೆಯಲ್ಲ, ಕಣ್ಣಿಗೆ ಕಾಣದ ಗಾಜು. ಮಳೆಗಾಲದಲ್ಲಿ ನಮ್ಮ ಅಂಗಳದ ಕಲ್ಲಿನ ಮೇಲೆ ಕೂರುವ ಪಾಚಿ ನೆನಪಿದೆಯಲ್ಲ? ಜಾರಬಾರದೆಂದು ಅಡಿಕೆ ದಬ್ಬೆ ಹಾಸಿ ಓಡಾಡುತ್ತೇವಲ್ಲ, ಅದೇ ಪಾಚಿ, ಆದರೆ ಹಸಿರು ಬಣ್ಣವಿಲ್ಲ. ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಮೇಲೂ ಕೆಳಗೂ ಗಾಳಿಯಾಡುವುದರಿಂದ ನೆಲದ ಬಿಸಿ ಅವಕ್ಕೆ ಸಿಗುವುದಿಲ್ಲ. ಕಾಡಿನ ನೆರಳಿನ ತಿರುವು ಮಧ್ಯಾಹ್ನವಾದರೂ ಕರಗಿರುವುದಿಲ್ಲ.

ಓಡಿಸುವ ರೀತಿಗೆ ಬಂದರೆ, ಹೊಸದಾಗಿ ನಾನು ಕಲಿತದ್ದು ಕಡಿಮೆಯೇ. ಅಪ್ಪನದು 1988ರ ಯೆಜ್ಡಿ ರೋಡ್‌ಕಿಂಗ್. ಆಷಾಢದ ಮಳೆಯಲ್ಲಿ ನಮ್ಮ ಮನೆಯಿಂದ ಟಾರು ರಸ್ತೆಗೆ ಎರಡು ಕಿಲೋಮೀಟರ್ ಕೆಂಪು ಜೇಡಿ. ಹದಿನಾರನೇ ವಯಸ್ಸಿನಲ್ಲಿ ಹಿಂದೆ ಕೂತು ಅಪ್ಪನ ಭುಜ ನೋಡುತ್ತಿದ್ದೆ. ಬೈಕು ಕೆಳಗೆ ಅತ್ತಿತ್ತ ಹೊರಳಿದರೂ ಭುಜ ಸಡಿಲವಾಗಿಯೇ ಇರುತ್ತಿತ್ತು. ನನ್ನ ಕೈಗೆ ಕೊಟ್ಟ ದಿನ ಹೇಳಿದ್ದು ಇಷ್ಟೇ: "ಹ್ಯಾಂಡಲ್ ಹಿಂಡಬೇಡ. ಅದಕ್ಕೆ ದಾರಿ ಗೊತ್ತು. ಮುಂದಿನ ಬ್ರೇಕ್ ಇದೆ ಅಂತ್ಲೇ ಮರ್ತುಬಿಡು." ಹಿಮದಲ್ಲೂ ಅದೇ. ಎರಡನೇ ಗೇರಿನಲ್ಲಿ ಹೊರಡಬೇಕು, ವೇಗ ಇಳಿಸಲು ಆದಷ್ಟೂ ಎಂಜಿನ್ನನ್ನೇ ನೆಚ್ಚಬೇಕು, ಕ್ಲಚ್ಚನ್ನು ಒಮ್ಮೆಲೇ ಬಿಡಬಾರದು, ದೃಷ್ಟಿ ಮುಂದಿನ ಚಕ್ರದ ಮೇಲಲ್ಲ, ದೂರಕ್ಕೆ. ಭಯದಲ್ಲಿ ಕೈ ಬಿಗಿಯಾದ ಕ್ಷಣವೇ ಬೀಳುತ್ತೇವೆ.

ನಾನು ಹೊರಟಿದ್ದು ಎಲಿಫಾಂಟೆನ್‌ಟ್ರೆಫೆನ್‌ಗೆ, ಅಂದರೆ ಆನೆಗಳ ಕೂಟಕ್ಕೆ. 1956ರ ಜನವರಿಯಲ್ಲಿ ಸ್ಟುಟ್‌ಗಾರ್ಟ್ ಬಳಿಯ ಸೊಲಿಟ್ಯೂಡ್‌ನಲ್ಲಿ ಎರ್ನ್ಸ್ಟ್ ಲೆವರ್ಕುಸ್ ಎಂಬ ಪತ್ರಕರ್ತ ಕೆಲವರೇ ಸವಾರರನ್ನು ಸೇರಿಸಿ ಶುರುಮಾಡಿದ್ದು. ಅವರ ಬೈಕು ಜುಂಡಾಪ್ ಕೆಎಸ್ 601. 'ಹಸಿರು ಆನೆ' ಅಂತ ಅದರ ಅಡ್ಡಹೆಸರು. 1989ರಿಂದ ಬವೇರಿಯಾ ಕಾಡಿನ ತುರ್ಮನ್ಸ್‌ಬಾಂಗ್ ಸಮೀಪ, ಸೋಲ್ಲಾದ ಕಣಿವೆಯಲ್ಲಿ ನಡೆಯುತ್ತಿದೆ. ನಡು ಚಳಿಗಾಲದಲ್ಲಿ ಸಾವಿರಾರು ಜನ ಬೈಕಿನಲ್ಲಿ ಬಂದು ಹಿಮದ ಮೇಲೆ ಟೆಂಟ್ ಹಾಕಿ ಮಲಗುತ್ತಾರೆ.

ಹಿಂದಿನ ವರ್ಷವೂ ಹೊರಟಿದ್ದೆ, ತಲುಪಲಿಲ್ಲ. ಡೆಗ್ಗೆನ್‌ಡಾರ್ಫ್ ದಾಟಿ ಬೆಟ್ಟ ಹತ್ತುವಾಗ ಸಣ್ಣಗೆ ಮಳೆ ಶುರುವಾಯಿತು. ಮೇಲಿನ ಗಾಳಿ ಬೆಚ್ಚಗಿದ್ದು ನೆಲ ಸೊನ್ನೆಗಿಂತ ಕೆಳಗಿದ್ದರೆ ಬಿದ್ದ ಹನಿ ಬಿದ್ದಲ್ಲೇ ಗಡ್ಡೆಯಾಗುತ್ತದೆ. ಕೆಲವೇ ನಿಮಿಷದಲ್ಲಿ ರಸ್ತೆ, ಕನ್ನಡಿ, ನನ್ನ ತೋಳು ಎಲ್ಲಕ್ಕೂ ಗಾಜಿನ ಹೊದಿಕೆ ಬಂತು. ನಿಲ್ಲಿಸಿ ಕಾಲು ಊರಿದೆ, ಕಾಲೇ ಜಾರಿತು. ಉಳಿದದ್ದು ಬರೀ ಮೂವತ್ತು ಕಿಲೋಮೀಟರ್. ಹತ್ತಿರದ ಹಳ್ಳಿಯ ವಸತಿಗೃಹದವರೆಗೆ ಬೈಕನ್ನು ರಸ್ತೆ ಪಕ್ಕದ ಹುಲ್ಲಿನ ಮೇಲೆ ತಳ್ಳಿಕೊಂಡು ಹೋದೆ. ಅಲ್ಲಿಯ ಅಜ್ಜಿ ಅದನ್ನು ಸೌದೆ ಕೊಟ್ಟಿಗೆಯಲ್ಲಿ ಇಡಿಸಿಕೊಂಡು, ನನಗೆ ಬಿಸಿ ಸೂಪು ಕೊಟ್ಟರು. ಮರುದಿನ ಬಸ್ಸು ಮತ್ತು ರೈಲಿನಲ್ಲಿ ಮನೆಗೆ ಬಂದು, ಎರಡು ದಿನ ಬಿಟ್ಟು ಹೋಗಿ ಬೈಕು ತಂದೆ. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ಗಡ್ಡೆಯ ಮೇಲೆ ಎರಡು ಚಕ್ರ ಓಡಿಸುವ ವಿದ್ಯೆ ಯಾರ ಹತ್ತಿರವೂ ಇಲ್ಲ. ಮೊಳೆ ಬಡಿದ ಟೈರು ಓಡಿಸಬಹುದಾದ ದೇಶಗಳ ಮಾತು ಬೇರೆ, ಜರ್ಮನಿಯಲ್ಲಿ ಅದಕ್ಕೆ ನಿಷೇಧವಿದೆ.

ಈ ವರ್ಷ ಆಕಾಶ ಒಣಗಿತ್ತು, ಸೊನ್ನೆಗಿಂತ 4 ಡಿಗ್ರಿ ಕೆಳಗೆ. ಹೆದ್ದಾರಿಯಲ್ಲಿ ಲಾರಿಗಳು ಎರಚುವ ಉಪ್ಪುನೀರು ಹೆಲ್ಮೆಟ್ಟಿನ ಗಾಜಿನ ಮೇಲೆ ಬಿಳಿ ಕಲೆಯಾಗುತ್ತಿತ್ತು, ಕೈಯಲ್ಲಿ ಒರೆಸಿದರೆ ಇನ್ನೂ ಮಸುಕು. ಬೆಟ್ಟದ ರಸ್ತೆಯಲ್ಲಿ ನಲವತ್ತರ ವೇಗ ದಾಟಲಿಲ್ಲ. ಹಿಂದೆ ಕಾರು ಸೇರಿಕೊಂಡಾಗಲೆಲ್ಲ ಬದಿಗೆ ನಿಲ್ಲಿಸಿ ದಾರಿ ಬಿಟ್ಟೆ. ಬಿದ್ದದ್ದು ಕಡೆಯ ನೂರು ಮೀಟರಿನಲ್ಲಿ. ಹೆಕ್ಸೆನ್‌ಕೆಸೆಲ್, ಮಾಟಗಾತಿಯ ಕಡಾಯಿ ಅಂತ ಕರೆಯುವ ಆ ಕಣಿವೆಗೆ ಇಳಿಯುವ ದಾರಿಯನ್ನು ನೂರಾರು ಚಕ್ರಗಳು ಉಜ್ಜಿ ನುಣುಪು ಮಾಡಿದ್ದವು. ಹಿಂದಿನ ಚಕ್ರ ಸದ್ದಿಲ್ಲದೆ ಮುಂದಕ್ಕೆ ಬಂತು, ಮಲಗಿದೆವು. ನಾನು ಏಳುವ ಮೊದಲೇ ಮೂವರು ಬೈಕು ಎತ್ತಿ ನಿಲ್ಲಿಸಿದ್ದರು. ಇಂಡಿಕೇಟರ್ ಒಂದು ಮುರಿದಿತ್ತು, ಅಷ್ಟೇ.

ಒಳಗೆ ಹೊಗೆಯೋ ಹೊಗೆ. ಟೆಂಟಿನಡಿ ಹಾಸಲು ಒಣಹುಲ್ಲು, ಬೆಂಕಿಗೆ ಕಟ್ಟಿಗೆ. ಹುಲ್ಲಿನ ವಾಸನೆಗೆ ನಮ್ಮ ಕೊಟ್ಟಿಗೆಯಲ್ಲಿ ನಿಂತ ಹಾಗಾಯಿತು. ಸೈಡ್‌ಕಾರ್ ಕಟ್ಟಿದ ರಷ್ಯಾದ ಉರಾಲ್ ಬೈಕುಗಳು, ಹಳೆಯ ಪೂರ್ವ ಜರ್ಮನಿಯ ಎಂಝಡ್‌ಗಳು. ಅವುಗಳ ನಡುವೆ ಒಂದು ಕೆಂಪು ಜಾವಾ, ಸೈಡ್‌ಕಾರ್ ಸಮೇತ. ಕಾಲು ತಾನಾಗಿ ಅತ್ತ ನಡೆಯಿತು. ಚೆಕ್ ಗಡಿ ಇಲ್ಲಿಂದ ದೂರವಿಲ್ಲ. ಅದರ ಒಡೆಯ ಅಲ್ಲಿಂದಲೇ ಬಂದ, ಅರವತ್ತು ದಾಟಿದ ಮನುಷ್ಯ. ಇದೇ ಬೈಕನ್ನು ನಮ್ಮ ಮೈಸೂರಿನಲ್ಲಿ ಮಾಡುತ್ತಿದ್ದರು, ಆಮೇಲೆ ಅದರ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು ಅಂತ ಅರ್ಧಂಬರ್ಧ ಜರ್ಮನ್‌ನಲ್ಲಿ ಹೇಳಿದೆ. ಅವರು ನಂಬಲಾರದೆ ನನ್ನ ಮುಖ ನೋಡಿದರು. ಸ್ಟಾರ್ಟ್ ಮಾಡು ಅಂತ ಕೈ ತೋರಿಸಿದರು. ಎಡಗಡೆಯ ಗೇರ್ ಲಿವರನ್ನೇ ಹಿಂದಕ್ಕೆ ತಿರುಗಿಸಿ ಕಿಕ್ ಮಾಡಬೇಕು. ಗೊತ್ತಿಲ್ಲದವರು ಕಿಕ್ಕರ್ ಹುಡುಕುತ್ತಾ ನಿಲ್ಲುತ್ತಾರೆ. ನನ್ನ ಕಾಲಿಗೆ ಹುಡುಕಬೇಕಾಗಲಿಲ್ಲ. ಅವರು ನಕ್ಕು ನನ್ನ ಬೆನ್ನು ತಟ್ಟಿದರು.

ಊರಲ್ಲಿ ಆಗ ಸಂಜೆ ಆರೂವರೆ. ಅಪ್ಪನಿಗೆ ವಿಡಿಯೊ ಕರೆ ಮಾಡಿ ಬೈಕು ತೋರಿಸಿದೆ. ಕಣ್ಣು ಮಂಜಾಗಿರುವ ಅಪ್ಪನಿಗೆ ಕೆಂಪು ಟ್ಯಾಂಕು ಕಂಡಿತೋ ಇಲ್ಲವೋ, ಸದ್ದನ್ನು ಮಾತ್ರ ತುಂಬ ಹೊತ್ತು ಕೇಳಿದರು. "ಚೋಕ್ ಇನ್ನೂ ಹಾಕೇ ಇದೆ, ತೆಗೀಲಿಕ್ಕೆ ಹೇಳು" ಅಂದರು. ಹೌದು, ಹಾಕಿಯೇ ಇತ್ತು.

ಶನಿವಾರ ರಾತ್ರಿ ಮತ್ತೆ ಹಿಮ ಬಿತ್ತು. ಭಾನುವಾರ ಹಿಮ ಗೋರುವ ಗಾಡಿ ಎರಡು ಸಲ ಹೋಗಿ ಉಪ್ಪು ಚೆಲ್ಲುವವರೆಗೆ, ಹನ್ನೊಂದು ಗಂಟೆಯ ತನಕ, ಆ ಚೆಕ್ ಹಿರಿಯರ ಬೆಂಕಿಯ ಪಕ್ಕ ಕೂತೆ. ರೇಗನ್ಸ್‌ಬುರ್ಗ್ ಮುಟ್ಟಿದಾಗ ಕತ್ತಲಾಗುತ್ತಿತ್ತು. ಮನೆಗೆ ಹೋಗುವ ಮೊದಲು ಬಂಕಿನ ವಾಷಿಂಗ್ ಬಾಕ್ಸಿಗೆ ಹೋಗಿ ತಣ್ಣೀರಿನಲ್ಲಿ ಉಪ್ಪು ತೊಳೆದೆ. ಬಿಸಿನೀರು ಹಾಕಿದರೆ ಉಪ್ಪು ಕಬ್ಬಿಣವನ್ನು ಇನ್ನೂ ಬೇಗ ತಿನ್ನುತ್ತದೆ. ಚೈನಿಗೆ ಎಣ್ಣೆ ಬಿಟ್ಟು, ಚಕ್ರ ತಿರುಗಿಸುತ್ತಲೇ ಅಮ್ಮನಿಗೆ ಮುಟ್ಟಿದೆ ಅಂತ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತಾಗಿತ್ತು, ಇಬ್ಬರೂ ಮಲಗಿರಲಿಲ್ಲ.