ಜಪ್ತಿಯಾದ ಚಿತ್ರ ನೋಡಲು ಪುಣೆಗೆ

ಶನಿವಾರವಾಡೆ, ಸಿಂಹಗಡ ಎಲ್ಲ ನೋಡಿದೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನನ್ನು ಪುಣೆಗೆ ಎಳೆದದ್ದು ಲಾ ಕಾಲೇಜ್ ರಸ್ತೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಅಲ್ಲಿರುವ 1933ರ ಮೂಕಿ ಚಿತ್ರ 'ಮಾರ್ತಾಂಡ ವರ್ಮ'.

ಸಿ.ವಿ. ರಾಮನ್ ಪಿಳ್ಳೆಯವರ ಅದೇ ಹೆಸರಿನ ಮಲಯಾಳಂ ಕಾದಂಬರಿಯನ್ನು ಸುಂದರರಾಜ್ ಚಿತ್ರ ಮಾಡಿಸಿದರು, ನಿರ್ದೇಶನ ಪಿ.ವಿ. ರಾವ್ ಅವರದು. ಕಾದಂಬರಿಯ ಹಕ್ಕು ಪಡೆದಿದ್ದ ತಿರುವನಂತಪುರದ ಕಮಲಾಲಯ ಬುಕ್ ಡಿಪೊ ದಾವೆ ಹೂಡಿತು. ಪ್ರದರ್ಶನ ನಿಂತು ರೀಲುಗಳು ಪ್ರಕಾಶಕರ ವಶವಾದವು, ನಿರ್ಮಾಪಕರು ನಷ್ಟದಲ್ಲಿ ಮುಳುಗಿದರು. ಆ ರೀಲುಗಳು ಸಂಗ್ರಹಾಲಯದ ಕೈಸೇರಿದ್ದು 1974ರಲ್ಲಿ. ನಮ್ಮಲ್ಲಿ ತಯಾರಾದ ಸುಮಾರು 1,300 ಮೂಕಿಗಳಲ್ಲಿ ಇಂದು ಸಿಗುವುದು, ತುಣುಕುಗಳೂ ಸೇರಿ, ಮೂವತ್ತರ ಆಸುಪಾಸು. ಎಷ್ಟೋ ಚಿತ್ರಗಳನ್ನು ಫಿಲ್ಮಿನಲ್ಲಿರುವ ಬೆಳ್ಳಿಯ ಆಸೆಗೆ ಕರಗಿಸಿಬಿಟ್ಟರು. ಇದು ಊರೂರು ತಿರುಗಿದ್ದರೆ ಇದರ ಗತಿಯೂ ಅದೇ ಆಗುತ್ತಿತ್ತೇನೋ. ನಿರ್ಮಾಪಕರನ್ನು ಮುಳುಗಿಸಿದ ದಾವೆಯೇ ಅವರ ಚಿತ್ರವನ್ನು ಕಾಯಿತು ಎಂಬುದು ನನ್ನನ್ನು ಇನ್ನೂ ಕಾಡುತ್ತಿದೆ.

ಮೊದಲಿಗೇ ತಿರುವಾಂಕೂರು ಮಹಾರಾಜರ ನಿಜವಾದ ಮೆರವಣಿಗೆ ಬರುತ್ತದೆ. ಆಮೇಲೆ ಕಥೆ, ನಡುನಡುವೆ ಇಂಗ್ಲಿಷ್, ಮಲಯಾಳಂ ಬರಹ. ಹಿನ್ನೆಲೆ ಸಂಗೀತ ಇಲ್ಲದೆಯೇ ನೋಡಿದೆ. ಮೂಕಿಗೆ ಸಿಂಥಸೈಜರ್ ಬಡಿಯುವುದು ನನಗೆ ಸೇರದು. ಕಣ್ಣಿನ ಕೆಲಸ ಕೆಡುತ್ತದೆ.

ಹೊರಗೆ ಚಹಾ ಕುಡಿಯುವಾಗ ಬೆಳಗಾವಿ ಕಡೆಯ ಹಿರಿಯರೊಬ್ಬರು ಸಿಕ್ಕರು. ಥಿಯೇಟರುಗಳಲ್ಲಿ ಪ್ರೊಜೆಕ್ಟರ್ ನಡೆಸಿದವರು. ಹಳೆಯ ಚಿತ್ರಗಳಲ್ಲಿ ಜನ ಓಡೋಡುತ್ತಾರಲ್ಲ ಎಂದೆ.

"ಅವರು ಓಡಂಗಿಲ್ರಿ, ನಾವ ಓಡಸ್ತೀವಿ. ಆಗ ಕೈಲೆ ಹ್ಯಾಂಡಲ್ ತಿರುವಿ ತಗೀತಿದ್ರು, ಸೆಕೆಂಡಿಗೆ ಹದಿನಾರೋ ಹದಿನೆಂಟೋ ಚಿತ್ರ. ಟಾಕಿ ಮಷಿನ್ ಇಪ್ಪತ್ನಾಕು ಓಡಸ್ತೈತಿ."

"ಹಳೇ ರೀಲು ಸಿಕ್ಕರೆ ಹಾಗೇ ಮಷಿನಿಗೆ ಹಾಕಬಹುದಾ?"

"ಬ್ಯಾಡ್ರಿ! ಕುಗ್ಗಿರತೈತಿ, ಅಂಚಿನ ತೂತು ಮಷಿನಿನ ಹಲ್ಲಿಗೆ ಕೂಡಂಗಿಲ್ಲ, ಹರದ ಹೋಗತೈತಿ. ಹಳೇ ಕಾಲದ ನೈಟ್ರೇಟ್ ಫಿಲ್ಮ್ ಇದ್ರಂತೂ ಬೆಂಕಿ ರೀ. ಹತ್ತಿದ್ರ ನೀರಿಗೂ ಆರಂಗಿಲ್ಲ."

ಎರಡನೇ ಚಹಾ ಆದರೂ ಮಾತು ರೀಲು ಬಿಟ್ಟು ಕದಲಲಿಲ್ಲ.

ಹೋಗುವವರಿಗೊಂದು ಮಾತು: ಲಾಡ್ಜಿನಲ್ಲಿ ಚೆಕ್‌ಔಟ್ ಎಷ್ಟು ಗಂಟೆಗೆಂದು ಮೊದಲೇ ಕೇಳಿಕೊಳ್ಳಿ. ಸಂಜೆ ಇಳಿದ ನನ್ನಿಂದ, ಬೆಳಗ್ಗೆ ಎಂಟು ದಾಟಿತೆಂದು ಇನ್ನೊಂದು ದಿನದ ಬಾಡಿಗೆ ಕಿತ್ತುಕೊಂಡರು. ಚಿತ್ರ ನೋಡಲೂ ಮುಂಚೆಯೇ ಬರೆದು ಅನುಮತಿ ಪಡೆಯಿರಿ.

ಮೋಹನ್ ಭವನಾನಿಯವರ ಮೂಕಿ 'ವಸಂತಸೇನಾ'ದಲ್ಲಿ ನಮ್ಮ ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ್ದರು. ಅದರ ಒಂದು ಅಡಿಯನ್ನಾದರೂ ನೋಡಬೇಕೆಂಬ ಆಸೆ ನನಗೆ. ನಿಮ್ಮ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ರೀಲಿನ ಡಬ್ಬಿ ಇದ್ದರೆ ಗುಜರಿಗೆ ಹಾಕಬೇಡಿ, ದೀಪದ ಹತ್ತಿರ ತೆರೆಯಬೇಡಿ. ಪುಣೆಗೆ ಒಂದು ಪತ್ರ ಬರೆಯಿರಿ.